ಒಂದು ಸೌಟು ಸುಣ್ಣದ ನೀರು

ಅಕ್ಕೋರೆ, ನಿಮ್ಮ ಹವಳಗಳನ್ನು ಕೊಂದವನು ನಾನು. ನೀವಲ್ಲ. ಇಷ್ಟು ಹೇಳಲು ನನಗೆ ನಾಲ್ಕು ವರ್ಷ ಬೇಕಾಯಿತು.

ಗೋಕಾಕದ ಆ ಮನೆಯಲ್ಲಿ ನೀವು ಮೇಲೆ, ನಾವು ಕೆಳಗೆ. ಸಮುದ್ರದ ಗಾಳಿಯೂ ಸುಳಿಯದ ಊರಲ್ಲಿ, ಪಾರ್ಸಲ್ಲಿನಲ್ಲಿ ಬಂದ ಉಪ್ಪು ಕಲಸಿ, ಗಾಜಿನ ತೊಟ್ಟಿಯಲ್ಲಿ ಮೀನಿನ ಜೊತೆ ಜೀವಂತ ಹವಳ ಬೆಳೆಸುತ್ತಿದ್ದ ವಿಜ್ಞಾನದ ಟೀಚರು ನೀವು. ಘೋಡಗೇರಿಯಲ್ಲಿ ನಿಮ್ಮ ಅವ್ವನ ಸ್ಥಿತಿ ಕೆಟ್ಟಾಗ ತೊಟ್ಟಿಯನ್ನು ನನಗೆ ಒಪ್ಪಿಸಿ ಹೊರಟಿರಿ. ನನ್ನ ಹೆಂಡತಿ ಅಡ್ಡ ಬಂದಿದ್ದಳು — "ಇವರಿಗೆ ಕೊಡಬ್ಯಾಡ್ರಿ ಅಕ್ಕೋರ. ಗ್ಯಾಸ್ ಬಂದ್ ಮಾಡೇನೋ ಇಲ್ಲೋ ಅಂತ ಬಸ್ ಸ್ಟ್ಯಾಂಡಿನಿಂದ ವಾಪಸ್ ಬರೋ ಮನಶ್ಯಾರಿ ಇದು!"

ನೀವು ನಕ್ಕಿರಿ. "ಅದಕ್ಕs ಕೊಡಾಕತ್ತೇನ್ರಿ. ಅಂಜೂ ಮನಶ್ಯಾ ಅಳತಿ ತಪ್ಪಂಗಿಲ್ಲ."

ಎರಡು ಬಾಟಲಿ. ಒಂದರಲ್ಲಿ ಕ್ಯಾಲ್ಸಿಯಂ, ಇನ್ನೊಂದರಲ್ಲಿ ಕ್ಷಾರ. ಹವಳ ಇವೆರಡನ್ನೂ ನೀರಿನಿಂದ ಹೀರಿಕೊಂಡೇ ತನ್ನ ಎಲುಬು ಕಟ್ಟುತ್ತದೆ, ಹಾಗಾಗಿ ಕಳೆದಷ್ಟನ್ನು ದಿನಾ ತುಂಬಬೇಕು — ಮುಂಜಾನೆ ಒಂದು ಮುಚ್ಚಳ, ಸಂಜೆ ಇನ್ನೊಂದು, ಎಂದೂ ಕೂಡಿಸಿ ಅಲ್ಲ; ಕೂಡಿದರೆ ನೀರಲ್ಲೇ ಬಿಳಿ ಹುಡಿಗಟ್ಟುತ್ತದೆ. ಹದಿನೈದು ದಿನಕ್ಕೆ ಆಗುವಷ್ಟು ನೀವೇ ಪುಡಿ ಅಳೆದು ಕಲಸಿಟ್ಟಿದ್ದಿರಿ. ಕ್ಷಾರ ನೋಡಲು ಸಣ್ಣ ಶೀಶೆ: ತೊಟ್ಟಿಯ ನೀರಿಗೆ ಹನಿ ಹಾಕುತ್ತ ಹೋದರೆ ನೀಲಿ ಬಣ್ಣ ಎಂಟನೇ ಹನಿಗೆ ಹಳದಿಗೆ ತಿರುಗಬೇಕು. "ಹೆಚ್ಚು ಕಮ್ಮಿ ಆದ್ರ ನನಗ ಫೋನ್ ಮಾಡ್ರಿ. ನೀವು ಏನೂ ಮಾಡಬ್ಯಾಡ್ರಿ."

ನಾಲ್ಕು ದಿನ ಸರಿಯಾಗಿ ಹಾಕಿದೆ. ಐದನೇ ದಿನ ಮುಚ್ಚಳ ಕೈಯಲ್ಲಿ ಹಿಡಿದಾಗ ಅನುಮಾನ ಬಂತು — ಈಗಾಗಲೇ ಹಾಕಿದೆನೆ? ಎರಡು ಸಲ ಆಗಿಬಿಟ್ಟರೆ? ಆ ಅಂಜಿಕೆಯಲ್ಲಿ ಎರಡು ದಿನ ಏನೂ ಹಾಕಲೇ ಇಲ್ಲ. ಏಳನೆಯ ದಿನ ಆರನೇ ಹನಿಗೇ ನೀರು ಹಳದಿಯಾಯಿತು.

ಫೋನ್ ಮಾಡಬೇಕಿತ್ತು. ಅವ್ವನ ಹಾಸಿಗೆಯ ಬಳಿ ಇರುವವರಿಗೆ ತೊಂದರೆ ಯಾಕೆ ಎಂದುಕೊಂಡೆ — ಇಲ್ಲ, ಅದು ಆಮೇಲೆ ಹುಟ್ಟಿಸಿಕೊಂಡ ನೆಪ. ನಿಜವೇನೆಂದರೆ ನನಗೆ ಸುಣ್ಣ ಗೊತ್ತು ಎನ್ನುವ ಸೊಕ್ಕು ಇತ್ತು. ಕುಲಗೋಡದಲ್ಲಿ ನಮ್ಮದು ಬೆಲ್ಲದ ಗಾಣ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುವಾಗ ಅಪ್ಪ ಬಣ್ಣ ನೋಡಿಯೇ ಒಂದು ಸೌಟು ಸುಣ್ಣದ ನೀರು ಸುರಿಯುತ್ತಿದ್ದ. ಕೊಳೆ ಮೇಲೆ ಬಂದು ಹಾಲು ತಿಳಿಯಾಗುತ್ತಿತ್ತು. ಅಳತೆಗಿಳತೆ ಇಲ್ಲ, ಕಣ್ಣೇ ತಕ್ಕಡಿ. ಸುಣ್ಣವೆಂದರೂ ಕ್ಯಾಲ್ಸಿಯಮ್ಮೇ, ಕ್ಷಾರವೇ — ಎರಡು ಬಾಟಲಿಯ ಕೆಲಸ ಒಂದೇ ಸೌಟಿಗೆ! ಎಲೆ-ಅಡಿಕೆಗೆ ಇಟ್ಟ ಸುಣ್ಣ ಕಲಕಿ ಸುರಿದೇಬಿಟ್ಟೆ.

ತೊಟ್ಟಿ ಮಜ್ಜಿಗೆಯ ಹಾಗೆ ಬೆಳ್ಳಗಾಯಿತು.

ಮಧ್ಯಾಹ್ನದ ಹೊತ್ತಿಗೆ ನೀರು ತಿಳಿಯಾಯಿತು, ಮೀನು ಮಗ್ಗಲಾಗಿ ತೇಲಿದವು. ಮರುದಿನ ಹವಳದ ಮೇಲಿನ ಬಣ್ಣದ ಮಾಂಸ ನೆನೆದ ಕಾಗದದಂತೆ ಸುಲಿದು, ಕೆಳಗೆ ಬಿಳಿ ಎಲುಬು ಕಂಡಿತು. ನೀವು ಅಂದೇ ಘೋಡಗೇರಿಯಿಂದ ಫೋನ್ ಮಾಡಿ "ಹೆಂಗದಾವ್ರಿ?" ಎಂದಿರಿ. "ಚಲೋ ಅದಾವ್ರಿ," ಎಂದೆ. ಗಾಜಿಗೆ ಅಂಟಿದ ಬಿಳಿ ಹುಡಿ ಒರೆಸಿದೆ. ಇನ್ನೊಂದು ಕೆಲಸ ಮಾಡಿದೆ — ಎರಡೂ ಬಾಟಲಿಯಲ್ಲಿ ಉಳಿದದ್ದನ್ನು ಬಚ್ಚಲಿಗೆ ಸುರಿದೆ. ನೀವು ಪರೀಕ್ಷಿಸಿದ್ದರೆ ನಿಮ್ಮ ಅಳತೆ ಸರಿಯಿತ್ತೆಂದು ಗೊತ್ತಾಗಿಬಿಡುತ್ತಿತ್ತು.

ಅವ್ವನನ್ನು ಮಣ್ಣು ಮಾಡಿ ಬಂದಿರಿ. ತೊಟ್ಟಿಯ ದೀಪ ಹಚ್ಚಿ ನೋಡಿದಿರಿ. ಆಗ ನಾನು ಆ ಮಾತು ಆಡಿದೆ — "ಹೋಗೋ ಗಡಿಬಿಡಿಯಾಗ ನೀವs ಪುಡಿ ಹೆಚ್ಚು ಕಲಸಿದ್ರೇನೋ ಅಕ್ಕೋರ."

ಬೈಯುತ್ತೀರಿ, ವಾದಿಸುತ್ತೀರಿ ಅಂದುಕೊಂಡಿದ್ದೆ. ನೀವು ನಿಮ್ಮ ಕೈ ನೋಡಿಕೊಂಡಿರಿ. "ಇದ್ದೀತ್ರಿ. ಅವತ್ತ ಕೈ ನಡಗತಿತ್ತು."

ನನಗೆ ಆದದ್ದು ನಿರಾಳ. ಬೇರೇನೂ ಅಲ್ಲ.

ತೊಟ್ಟಿ ಮಾರಿ, ವರ್ಗ ಮಾಡಿಸಿಕೊಂಡು ನೀವು ಹುಕ್ಕೇರಿಗೆ ಹೋದಿರಿ. ಸಣ್ಣ ಸುಳ್ಳು, ಹವಳದ ಜೊತೆಗೇ ಮುಗಿಯಿತು ಎಂದು ನಂಬಿದ್ದೆ. ಮೊನ್ನೆ ಮೂಡಲಗಿಯ ಮದುವೆಯಲ್ಲಿ ಊಟದ ಸಾಲಿನಲ್ಲಿ ನೀವು ನನ್ನ ಹೆಂಡತಿಗೆ ಹೇಳುತ್ತಿದ್ದುದು ಕೇಳಿಸಿತು. ಶಾಲೆಯ ಪ್ರಯೋಗದಲ್ಲಿ ಈಗ ಅಳೆಯುವ ಕೆಲಸ ಬೇರೆ ಟೀಚರಿಗೆ ಬಿಡುತ್ತೀರಂತೆ. "ನನ್ನ ಕೈ ಮ್ಯಾಲೆ ನನಗs ಭರೋಸಾ ಇಲ್ರಿ. ಅವ್ವಗ ಕಡೀಕ ಔಷಧದ ಹನಿ ಎಣಿಸಿ ಹಾಕಿದ್ದೂ ಇದs ಕೈ. ಅದರಾಗೂ ತಪ್ಪಿದ್ನೇನೋ…"

ಆಗಲೇ ಎದ್ದು ನಿಂತು ಹೇಳಬೇಕಿತ್ತು. ಬಡಿಸುವವನು ಬಂದ. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಅಂಥ ಮನುಷ್ಯ ನಾನು.

ನಾಲ್ಕು ವರ್ಷ ನೀವು ಹೊತ್ತದ್ದು ಒಂದು ತೊಟ್ಟಿಯ ಸಾವಲ್ಲ, ಅವ್ವನ ಸಾವು — ಅದನ್ನು ಹೊರಿಸಿದವನು ಕೆಳಗಿನ ಮನೆಯಲ್ಲಿ ಕೂತು ಗ್ಯಾಸಿನ ಗುಂಡಿ ತಿರುಗಿಸಿ ನೋಡುತ್ತಿದ್ದ. ಕ್ಷಮೆ ಕೇಳಲು ಬರೆಯುತ್ತಿಲ್ಲ. ಕೇಳಿದರೆ ಕೊಡುವುದೋ ಬಿಡುವುದೋ ಎಂಬ ಹೊರೆ ಮತ್ತೆ ನಿಮಗೇ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನೀವು ಓದುವಾಗ ನಾನು ದೂರ ಇರುವುದು ತೀರಾ ಸಲೀಸು. ಭಾನುವಾರ ಹುಕ್ಕೇರಿಗೆ ಬಂದು ನಿಮ್ಮ ಕೈಗೇ ಕೊಡುತ್ತೇನೆ. ಓದಿ ಮುಗಿಯುವವರೆಗೆ ಬಾಗಿಲ ಹೊರಗೆ ನಿಂತಿರುತ್ತೇನೆ. ಒಳಗೆ ಕರೆಯಬೇಕೆಂದಿಲ್ಲ.