ಪೊರಕೆಯ ಕೈಗೆ ಸಿಕ್ಕ ಕೋಟು

ಅವನಿಗೆ ಪೊರಕೆ ಎಂದು ಹೆಸರಿಟ್ಟದ್ದು ಅತ್ತೆ. ಮದುವೆಯಾದ ವರ್ಷ ಮಗಳ ಮನೆಗೆಂದು ಬಂದು ಉಳಿದುಕೊಂಡಿದ್ದರು. ಹೊರಡುವ ಹೊತ್ತಿಗೆ ನೋಡಿದರೆ ಕನ್ನಡಕ ಇಲ್ಲ. ಓದುತ್ತಾ ಓದುತ್ತಾ ಪೇಪರಿನ ಮಡಿಕೆಯೊಳಗೆ ಇಟ್ಟಿದ್ದನ್ನು ಅಳಿಯ ಪೇಪರಿನ ಸಮೇತ ರದ್ದಿಯವನಿಗೆ ಕೊಟ್ಟು ಕೈ ತೊಳೆದುಕೊಂಡಿದ್ದ. “ನಿನಗೆ ಪೊರಕೆ ಕೊಳ್ಳುವ ಯೋಚನೆ ಇಲ್ಲ ಬಿಡು ಮಗಳೇ, ಕಟ್ಟಿಕೊಂಡೇ ಬಂದಿದ್ದೀಯ” ಎಂದು ಆಯಮ್ಮ ತಡವರಿಸುತ್ತಾ ಮೆಟ್ಟಿಲಿಳಿದರು.

ಒಂದು ಸಾಮಾನು ಸುಮ್ಮನೆ ಕೂತಿದ್ದರೆ ಅವನಿಗೆ ಹಲ್ಲುನೋವು ಬಂದಂತಾಗುತ್ತಿತ್ತು. ಇಸ್ತ್ರಿಪೆಟ್ಟಿಗೆ ತಂದ ದಿನವೇ ಅದರ ಡಬ್ಬ ಹೊರಗೆ, ಡಬ್ಬದ ಜೊತೆ ಗ್ಯಾರಂಟಿ ಚೀಟಿಯೂ ಹೊರಗೆ. ಹೆಂಡತಿ ಹೊಲಿಗೆಯವಳು, ಜೋಡಿ ಇಲ್ಲದ ಗುಂಡಿಗಳನ್ನು ಕೂಡಿಟ್ಟಿದ್ದಳು. “ಒಂಟಿ ಗುಂಡಿ ಇಟ್ಟುಕೊಂಡು ಏನು ಮಾಡ್ತೀಯ, ಪೂಜೆನಾ?” ಎಂದು ಅವನ್ನೂ ಗುಡಿಸಿದ. ಮಾರನೆಯ ವಾರ ಅವನದೇ ಅಂಗಿಯ ಕೊರಳಗುಂಡಿ ಬಿದ್ದುಹೋಯಿತು. ಅದೇ ಅಂಗಿಗೆ ಪಿನ್ನು ಚುಚ್ಚಿಕೊಂಡು, ಏನೂ ಆಗದವನಂತೆ ಆಫೀಸಿಗೆ ಹೋಗಿ ಬಂದ.

ಆಫೀಸಿನಲ್ಲಿ ಅವನ ಕೆಲಸ ವೆಬ್ ಪುಟಗಳಿಗೆ ಗೆರೆಚಿತ್ರ ಬರೆಯುವುದು. ಫೋಟೋ ಹಿಗ್ಗಿಸಿದರೆ ಮುಖವೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ, ಇದು ಹಾಗಲ್ಲ. ಗೋಡೆಯಷ್ಟು ಮಾಡಿದರೂ ಗೆರೆ ಗೆರೆಯಾಗಿಯೇ ಇರುತ್ತದೆ. ಯಾಕೆಂದರೆ ಅದು ಚಿತ್ರವೇ ಅಲ್ಲ, ಇಲ್ಲಿಂದ ಅಲ್ಲಿಗೆ ಎಳೆ, ಅಲ್ಲಿಂದ ಹೀಗೆ ಬಗ್ಗಿಸು ಎಂದು ಕಂಪ್ಯೂಟರಿಗೆ ಬರೆದಿಟ್ಟ ಮಾತು. ಬರೆಯುವುದರಲ್ಲಿ ಅವನ ಕೈ ಚೆನ್ನಾಗಿತ್ತು, ಇಲ್ಲವೆನ್ನುವಂತಿಲ್ಲ. ಆದರೆ ಬರೆದು ಮುಗಿಸಿದ ಮೇಲೆ ಸುಮ್ಮನಿರುತ್ತಿರಲಿಲ್ಲ. ಫೈಲು ಬಿಚ್ಚಿ, ಒಳಗೆ ಬೇಡ ಎನಿಸಿದ ಮಾತನ್ನೆಲ್ಲ ಅಳಿಸಿ ಹಗುರ ಮಾಡುವುದು. ಅದೇ ಅವನ ಹೆಮ್ಮೆ. ಪಕ್ಕದ ಮೇಜಿನವನಿಗೆ ತೋರಿಸಿ, “ನೋಡು, ಅರ್ಧಕ್ಕರ್ಧ ಇಳಿಸಿದೆ” ಎನ್ನುವುದು.

ಆ ಪಕ್ಕದ ಮೇಜಿನವನಿಗೆ ಇವನೇ ಇಟ್ಟ ಹೆಸರು ಗುಜರಿ. ಬಂದ ಮೇಲ್ ಅಳಿಸದ, ಹರಿದ ಚೀಲ ಬಿಸಾಡದ, ಇಂಕು ತೀರಿದ ಪೆನ್ನಿಗೂ ಜಾಗ ಕೊಟ್ಟ ಮನುಷ್ಯ. “ನಿನ್ನ ಮೇಜಿನೊಳಗೆ ಹಾವು ಮರಿ ಹಾಕಿದ್ದರೂ ಗೊತ್ತಾಗಲ್ಲ ಮಾರಾಯ” ಎಂದು ಇವನು ಎಲ್ಲರೆದುರು ಆಡಿಕೊಳ್ಳುತ್ತಿದ್ದ. ಗುಜರಿ ನಗುತ್ತಿದ್ದ. ನಕ್ಕು, ಇವನು ಬಡಾಯಿಗೆಂದು ಕಳಿಸಿದ ಫೈಲುಗಳನ್ನೂ ಹಾಗೆಯೇ ಇಟ್ಟುಕೊಳ್ಳುತ್ತಿದ್ದ.

ಹೆಂಡತಿಯ ಅಂಗಡಿ ಮನೆಯ ಕೆಳಗೇ ಇತ್ತು. ಮೂವರು ಹೆಂಗಸರು ಅಲ್ಲಿ ಮಿಷನ್ ತುಳಿಯುತ್ತಿದ್ದರು. ಎದುರುಗಡೆ ಸಿದ್ಧ ಉಡುಪಿನ ಅಂಗಡಿ ಗಾಜು ಹಾಕಿಕೊಂಡು ಕೂತ ಮೇಲೆ ಮಿಷನ್‌ಗಳ ಸದ್ದು ಕಡಿಮೆಯಾಗುತ್ತಾ ಬಂತು. ಇನ್ನೇನು, ಮುಂದಿನ ತಿಂಗಳಿಂದ ಬರಬೇಡಿ ಎನ್ನುವ ಮಾತು ಅವಳ ಬಾಯಿಯ ತುದಿಗೆ ಬಂದಿತ್ತು. ಅಷ್ಟರಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ನರ್ಸಮ್ಮಂದಿರಿಗೂ ಲ್ಯಾಬಿನವರಿಗೂ ಹೊಸ ಕೋಟು ಹೊಲಿಸುತ್ತಾರೆ ಎಂದು ಗೊತ್ತಾಯಿತು. ಇವಳು ನರ್ಸಮ್ಮಂದಿರ ಮೇಲ್ವಿಚಾರಕಿ ಮೇಟ್ರನ್ನಮ್ಮನನ್ನು ಹೋಗಿ ಕಂಡಳು.

“ಕೋಟು ಹೊತ್ತುಕೊಂಡು ಬರಬೇಡಮ್ಮ, ಬಿಚ್ಚಿ ನೋಡೋಕೆ ಯಾರಿಗೆ ಪುರಸೊತ್ತು?” ಎಂದರು ಮೇಟ್ರನ್ನಮ್ಮ. “ನಿನ್ನ ಅಂಗಡಿದೊಂದು ವೆಬ್ ಪುಟ ಇದ್ದರೆ ಕಳಿಸು. ಸೋಮವಾರ ಹನ್ನೊಂದಕ್ಕೆ ಸಭೆ, ಎಲ್ಲರೂ ಫೋನಲ್ಲೇ ನೋಡಿ ಆರಿಸ್ತೀವಿ.”

“ನಮ್ಮ ಯಜಮಾನರದು ಅದೇ ಕೆಲಸ” ಎಂದಳು. ಅಷ್ಟು ಹೆಮ್ಮೆಯಿಂದ ಆ ಮಾತು ಅವಳು ಅದಕ್ಕೆ ಮುಂಚೆಯೂ ಹೇಳಿರಲಿಲ್ಲ, ಆಮೇಲೂ ಹೇಳಲಿಲ್ಲ.

ಪುಟಕ್ಕೆಂದು ಅವನು ಬರೆದ ಕೋಟಿನ ಚಿತ್ರವೇನೋ ಅಚ್ಚುಕಟ್ಟಾಗಿ ಬಂತು. ಕಾಲರು, ತೋಳು, ಎರಡು ದೊಡ್ಡ ಜೇಬು, ಕತ್ತರಿ ಇಡಲು ಪಕ್ಕದಲ್ಲೊಂದು ಪುಟ್ಟ ಜೇಬು. ಬರೆದವನು ಅದನ್ನು ಮೊದಲು ಗುಜರಿಗೆ ಕಳಿಸಿ ಹೊಗಳಿಸಿಕೊಂಡ. ಆಮೇಲೆ ಗುಡಿಸಲು ಕೂತ. ಫೈಲಿನ ಮೊದಲ ಸಾಲಿನಲ್ಲಿ ಅಗಲ ಇಷ್ಟು, ಎತ್ತರ ಇಷ್ಟು ಎಂದಿತ್ತು. ಪಕ್ಕದಲ್ಲೇ ವ್ಯೂಬಾಕ್ಸ್ ಎಂದು ನಾಲ್ಕು ಅಂಕಿ. ಚಿತ್ರದ ಚೌಕಟ್ಟು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವುದು ಅದು. ಅದಿದ್ದರೆ ಪುಟ ಕಿರಿದಾದಂತೆ ಚಿತ್ರವೂ ಇಡಿಯಾಗಿ ಕುಗ್ಗಿ ಕೂರುತ್ತದೆ. “ಅಗಲ ಎತ್ತರ ಹೇಳಿ ಆಯ್ತಲ್ಲ, ಮತ್ತೆ ಅದನ್ನೇ ಯಾಕೆ ಒದರುತ್ತೆ?” ಎಂದು ಅವನು ಅದನ್ನು ಅಳಿಸಿದ. ಹಳೆಯ ಪ್ರತಿ ಯಾಕೆ ಬಿದ್ದಿರಬೇಕೆಂದು ಅದನ್ನೂ ಅಳಿಸಿದ. ಚಿತ್ರವನ್ನು ಅಂಗಡಿಯ ಪುಟಕ್ಕೆ ಹಾಕಿ ತನ್ನ ದೊಡ್ಡ ಪರದೆಯಲ್ಲಿ ನೋಡಿದ. ಕೋಟು ಗತ್ತಿನಿಂದ ನಿಂತಿತ್ತು.

ಸೋಮವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಹೆಂಡತಿ ಮೇಟ್ರನ್ನಮ್ಮನಿಗೆ ಕಳಿಸಿದ್ದ ಪುಟವನ್ನು ತನ್ನ ಫೋನಿನಲ್ಲಿ ತೆರೆದಳು. ಅರ್ಧ ಕಾಲರು, ಒಂದು ಭುಜ, ಅಷ್ಟೇ. ಮಿಕ್ಕ ಕೋಟಿನ ಸುಳಿವೇ ಇಲ್ಲ.

“ರೀ, ಜೇಬೆಲ್ಲಿ?”

“ನಿನ್ನ ಫೋನೇ ಸರಿಯಿಲ್ಲ.”

“ನಿಮ್ಮದು ಕೊಡಿ ಇಲ್ಲಿ.” ಅದರಲ್ಲೂ ಅರ್ಧ ಕಾಲರು, ಒಂದು ಭುಜ. “ಇದೂ ಸರಿಯಿಲ್ವಾ?”

ಅವನು ಲ್ಯಾಪ್‌ಟಾಪ್ ತೆಗೆದುಕೊಂಡು ಕೆಳಗೆ ಅಂಗಡಿಗಿಳಿದು, ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು ಕೂತ. ಮೂವರು ಹೆಂಗಸರೂ ಮಿಷನ್ ಬಿಟ್ಟು ಬಂದು ಬೆನ್ನ ಹಿಂದೆ ನಿಂತರು. ಅಗಲದ ಅಂಕಿ ತೆಗೆದು, ಪುಟ ಎಷ್ಟಿದೆಯೋ ಅಷ್ಟೇ ಇರು ಎಂದು ಬರೆದ. ಚಿತ್ರ ಕಾಣುವ ಚೌಕ ಕುಗ್ಗಿತು, ಒಳಗಿನ ಕೋಟು ಕುಗ್ಗಲಿಲ್ಲ. ಭುಜವೂ ಹೋಯಿತು.

“ಎತ್ತರಾನೂ ಸ್ವಲ್ಪ ಹಿಡಿದು ನೋಡಿ” ಎಂದಳು ಹೆಂಡತಿ, ಬಟ್ಟೆ ಹಿಡಿದು ಚಿಕ್ಕದು ಮಾಡುವವಳ ಧೈರ್ಯದಲ್ಲಿ. ಎತ್ತರ ಹಿಡಿದ. ಕಾಲರಿನ ತುದಿಯೊಂದು ಉಳಿಯಿತು.

“ಅಕ್ಕಾ, ಈಗ ಕರವಸ್ತ್ರ ಆಯ್ತು” ಎಂದಳು ಮಿಷನ್ನಿನವರಲ್ಲಿ ಹಿರಿಯಳು.

ಕೊನೆಗೆ ಅವನಿಗೆ ಆ ನಾಲ್ಕು ಅಂಕಿಯ ನೆನಪಾಯಿತು. ಆದರೆ ಅಂಕಿ ಯಾವುದೆಂಬುದು ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಹಾಕಿದ. ಬಿಳಿ ಮೈದಾನದ ಮೂಲೆಯಲ್ಲಿ ಗೊಂಬೆಗೆ ಹೊಲಿದಂಥ ಕೋಟು ಕಾಣಿಸಿತು. ಸಿಟ್ಟಿನಿಂದ, ಅಳತೆಯ ಪ್ರಮಾಣ ನೋಡಬೇಡ, ಇರುವ ಜಾಗಕ್ಕೆಲ್ಲ ಎಳೆದು ತುಂಬು ಎಂದು ಬರೆದ. ಕೋಟು ಅಡ್ಡಡ್ಡ ಬೆಳೆದು ಡೇರೆಯಾಯಿತು.

“ಇದರೊಳಗೆ ಆಸ್ಪತ್ರೆನೇ ಹಿಡಿಸುತ್ತೆ” ಎಂದಳು ಅದೇ ಹಿರಿಯಳು. ನಗು ಬಂದರೂ ಯಾರೂ ನಗಲಿಲ್ಲ. ಎದುರಿನ ಅಂಗಡಿಯ ಗಾಜು ಒರೆಸುವ ಸದ್ದು ಇಲ್ಲಿಯವರೆಗೆ ಕೇಳುತ್ತಿತ್ತು. ಹತ್ತೂವರೆ ದಾಟಿತ್ತು.

“ಹಳೇದು ಎಲ್ಲಿದೆ ರೀ?”

ಅವನು ಖಾಲಿ ಫೋಲ್ಡರೊಂದನ್ನು ತೆರೆದು ಮುಚ್ಚಿದ.

“ಗುಡಿಸಿದಿರಾ?”

ಅವನು ತಲೆ ಕೆರೆದುಕೊಂಡ. ಹೆಂಡತಿ ಬೈಯಲಿಲ್ಲ. ಫೋನು ಅವನ ಕೈಗೆ ಕೊಟ್ಟು, “ಮೊದಲು ಕಳಿಸಿ ಹೊಗಳಿಸಿಕೊಂಡಿರಲ್ಲ, ಅವರಿಗೆ ಮಾಡಿ” ಎಂದಳು. ಯಾರಿಗೆ ಎಂದು ಅವನಿಗೂ ಗೊತ್ತಿತ್ತು. ಈ ಮೂವರು ಹೆಂಗಸರ ಮುಂದೆ, ತಾನು ಹೆಸರಿಟ್ಟು ನಗಾಡಿದವನ ಹತ್ತಿರ ಬೇಡುವುದೆಂದರೆ! ಬಿಸಿತುತ್ತು ಬಾಯಿಗಿಟ್ಟುಕೊಂಡವನಂತೆ ನುಂಗಲಾರದೆ ಉಗುಳಲಾರದೆ ಕೂತ. ಹೆಂಡತಿ ಲೌಡ್‌ಸ್ಪೀಕರ್ ಒತ್ತಿದಳು.

“ಏನಪ್ಪಾ, ಇವತ್ತು ನೀನು ರಜೆ ಹಾಕಿದ್ದೀಯಲ್ವಾ?” ಎಂದಿತು ಗುಜರಿಯ ದನಿ.

“ನೀನು… ಅದೇ… ಕೋಟಿನ ಚಿತ್ರ ಕಳಿಸಿದ್ದೆನಲ್ಲ…”

“ಹ್ಞೂಂ. ಯಾಕೆ, ಅಳಿಸಿಬಿಡಲಾ?”

“ಬೇಡ! ಬೇಡ ಮಾರಾಯ! ಹುಡುಕು.”

“ಎಲ್ಲಿ ಅಂತ ಹುಡುಕಲಿ? ನನ್ನದೆಲ್ಲ ಕಸ ಅಂತೀಯ.”

“ಕಸದಲ್ಲೇ ಹುಡುಕು, ನಿನ್ನ ಕಾಲಿಗೆ ಬೀಳ್ತೀನಿ. ಚೌಕಟ್ಟು ಅಳಿಸಿದ್ದು ನಾನೇ. ತಪ್ಪಾಯ್ತು.”

ಗುಜರಿ ನಕ್ಕ. “ಅತ್ತಿಗೆ ಕೇಳಿಸಿಕೊಂಡರಾ?”

“ಕೇಳಿಸಿಕೊಂಡೆ” ಎಂದಳು ಅವಳು. “ಬೇಗ ಕಳಿಸಿಕೊಡಿ, ಆಮೇಲೆ ತಪ್ಪಾಯ್ತು ಅಂತ ಬೇಕಾದಷ್ಟು ಸಲ ಹೇಳಿಸೋಣ.”

ಫೈಲು ಬಂತು. ನಾಲ್ಕು ಅಂಕಿ ಇದ್ದಲ್ಲೇ ಇದ್ದವು. ಹಾಕಿದ ಕೂಡಲೇ ಕೋಟು ಅಂಗೈಯಗಲದ ಫೋನಿನಲ್ಲಿ ಕಾಲರಿನಿಂದ ಅಂಚಿನವರೆಗೆ ತಪ್ಪದೆ ಕೂತಿತು. ಮೂವರೂ ತಂತಮ್ಮ ಫೋನಿನಲ್ಲಿ ತೆರೆದು, ಕೂಗಿ ಕೂಗಿ ತೋರಿಸಿಕೊಂಡರು.

ಮಧ್ಯಾಹ್ನ ಮೇಟ್ರನ್ನಮ್ಮ ಫೋನು ಮಾಡಿದರು. ಲ್ಯಾಬಿನವರ ಕೋಟು ಎದುರಿನ ಅಂಗಡಿಗೆ ಹೋಗಿತ್ತು. ಆಸ್ಪತ್ರೆಯಲ್ಲಿ ಯಾರಿಗೋ ಆ ಅಂಗಡಿಯವರು ಬೇಕಾದವರು. ನರ್ಸಮ್ಮಂದಿರ ಕೋಟಷ್ಟೂ ಇವಳಿಗೆ. “ಆ ಕತ್ತರಿ ಜೇಬು ಕಂಡಿದ್ದೇ ನಾನು ಪಟ್ಟು ಹಿಡಿದೆ ಕಣಮ್ಮ” ಎಂದರು. ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು, ನಾಳೆ ಯಾರೂ ತಡಮಾಡಬೇಡಿ ಎಂದು ಮಿಷನ್ನಿನವರಿಗೆ ಹೇಳಿದಳು.

“ಜೇಬು ಅಷ್ಟು ಸ್ಪಷ್ಟ ಕಾಣೋ ಹಾಗೆ ಬರೆದಿದ್ದು ಯಾರು?” ಎಂದು ಗಂಡ ಬಾಗಿಲಲ್ಲಿ ಎದೆ ಉಬ್ಬಿಸಿ ನಿಂತ.

ಆ ವಾರ ಅವಳು ಬಿಡುವು ಮಾಡಿಕೊಂಡು ಗುಜರಿಗೊಂದು ಅಂಗಿ ಹೊಲಿದು, ಮಡಚಿ, “ನೀವೇ ಅವರ ಮನೆಗೆ ಹೋಗಿ ಕೊಟ್ಟು ಬನ್ನಿ” ಎಂದು ಕಳಿಸಿದಳು. ಅವನು ಹೋಗಿ ಬರುವ ಹೊತ್ತಿಗೆ ದೀಪ ಹಚ್ಚಿಯಾಗಿತ್ತು.

“ಯಾಕೆ ಇಷ್ಟು ಹೊತ್ತು?”

“ಕೂರಿಸಿಕೊಂಡ. ಮನೆಯೇನೇ ಅದು! ಮುರಿದ ಫ್ಯಾನೇ ಮೂರಿದೆ. ಕಾಲಿಡೋಕೆ ಜಾಗ ಇಲ್ಲ.”

“ಎಲ್ಲಿ ಕೂತ್ರಿ ಮತ್ತೆ?”

“ಒಂದು ಹಳೇ ಡಬ್ಬದ ಮೇಲೆ” ಎಂದು ಅವನು ಚಪ್ಪಲಿ ಬಿಟ್ಟ. “ಕಾಫಿ ಚೆನ್ನಾಗಿತ್ತು.”