ಕೈ ಸಡ್ಲ ಬಿಡವ್ವಾ

ಬಳೆಯನ್ನು ಉಗುರಿನಿಂದ ಮೆಲ್ಲಗೆ ತಟ್ಟಿದರೆ ಅದು ತನ್ನ ಸ್ಥಿತಿಯನ್ನು ಹೇಳುತ್ತದೆ. ಗಟ್ಟಿ ಬಳೆ ಕಿಣ್ ಎಂದು ಸಣ್ಣಗೆ ಉಲಿದು ಒಂದಿಷ್ಟು ಹೊತ್ತು ಗಾಳಿಯಲ್ಲಿ ನಿಲ್ಲುತ್ತದೆ. ಕಣ್ಣಿಗೆ ಕಾಣದ ಬಿರುಕು ಎಲ್ಲಾದರೂ ಇದ್ದರೆ ಸದ್ದು ಹುಟ್ಟಿದಲ್ಲೇ ಸಾಯುತ್ತದೆ. ಈ ಸಂಗತಿಯನ್ನು ನಾನು ಮರೆತೇಬಿಟ್ಟಿದ್ದೆ. ಕಳೆದ ಏಪ್ರಿಲ್‌ನಲ್ಲಿ, ಐರ್ಲೆಂಡಿನ ವಾಯವ್ಯ ಮೂಲೆಯ ಲೆಟರ್‌ಕೆನ್ನಿಯಲ್ಲಿ, ಪಕ್ಕದ ಮನೆಯ ಚೀನೀ ಹುಡುಗಿಯ ಮದುವೆಯ ಬೆಳಿಗ್ಗೆ, ಯಾರೋ ಒಂದು ಹಸಿರು ಕಲ್ಲಿನ ಬಳೆಯನ್ನು ಕನ್ನಡಿ ಮೇಜಿನ ಮೇಲೆ ಇಟ್ಟರು. ಆ ಸದ್ದಿಗೆ ನನ್ನ ಕತ್ತು ತಾನಾಗಿ ತಿರುಗಿತು. ಅದರ ಹಿಂದೆಯೇ ಒಣಹುಲ್ಲಿನ ವಾಸನೆ ಬಂದಂತಾಯಿತು. ಸೆಂಟು, ಹೇರ್‌ಸ್ಪ್ರೇಗಳ ಆ ಕೋಣೆಯೊಳಗೆ ಒಣಹುಲ್ಲು ಎಲ್ಲಿಂದ ಬರಬೇಕು? ಅದು ಬಾಗಲಕೋಟೆಯ ನಮ್ಮ ಮನೆಯ ವಾಸನೆ. ಫಿರೋಜಾಬಾದಿನಿಂದ ರೈಲಿನಲ್ಲಿ ಬರುತ್ತಿದ್ದ ಬಳೆಯ ಪೆಟ್ಟಿಗೆಗಳಲ್ಲಿ, ಗಾಜು ಒಡೆಯದಿರಲೆಂದು ಹುಲ್ಲು ತುರುಕಿರುತ್ತಿದ್ದರು.

ಆ ಮನೆ ಈಗಿಲ್ಲ. ಹಳೇ ಊರಿನ ಎಷ್ಟೋ ಓಣಿಗಳ ಹಾಗೆ ನಮ್ಮ ಓಣಿಯೂ ಅಣೆಕಟ್ಟಿನ ಹಿನ್ನೀರಿಗೆ ಹೋಯಿತು. ಓದುವ ನಿಮ್ಮಲ್ಲೂ ಕೆಲವರು ಇಂಥ ಮನೆಯೊಂದನ್ನು ಕಳೆದುಕೊಂಡಿರಬಹುದು. ಮಾರಿದ ಮನೆಯಾದರೆ ಅದರ ಮುಂದೆ ಒಮ್ಮೆ ಹೋಗಿ ನಿಲ್ಲಬಹುದು, ಬಿದ್ದ ಮನೆಯಾದರೆ ಕಲ್ಲನ್ನಾದರೂ ಮುಟ್ಟಬಹುದು. ನೀರೊಳಗಿನ ಮನೆಗೆ ದಡದಲ್ಲಿ ನಿಂತು ಬೆರಳು ತೋರಿಸುವುದಷ್ಟೇ ಸಾಧ್ಯ. ಮಣ್ಣಿನ ಮಾಳಿಗೆಯ ಆ ಮನೆಯಲ್ಲಿ ನಾನು ಮತ್ತು ನನ್ನ ತಾಯಿಯ ತಾಯಿ, ನಾನಿ, ಇಬ್ಬರೇ ಇದ್ದೆವು. ತಾಯಿ ನನ್ನ ನೆನಪು ಬಲಿಯುವ ಮೊದಲೇ ತೀರಿಕೊಂಡಿದ್ದಳು. ಪಡಸಾಲೆಯೇ ಅಂಗಡಿ. ಊರಿನವರಿಗೆ ನಾನಿ ಬಳೆ ಬೂಬಮ್ಮ. ನಸುಕಿನ ನಮಾಜು ಮುಗಿದ ಮೇಲೆ ಮಾತಿಲ್ಲದೆ ಕೆಲಸ ಆರಂಭವಾಗುತ್ತಿತ್ತು: ಹುಲ್ಲು ಕೊಡವುವುದು, ಬಳೆಗಳನ್ನು ಹಳೇ ಮಲ್ಲಿನ ಬಟ್ಟೆಯಲ್ಲಿ ಒರೆಸುವುದು, ಒಂದೊಂದನ್ನೂ ತಟ್ಟಿ ಕೇಳುವುದು, ಅಳತೆಗೆ ತಕ್ಕಂತೆ ದಾರಕ್ಕೆ ಪೋಣಿಸಿ ಮಲಾರ ಕಟ್ಟುವುದು. ಆ ಗೊಂಚಲು ಹೆಗಲೇರಿದಾಗ ನಾನಿ ನಡೆದರೆ ಓಣಿಯೇ ಸದ್ದು ಮಾಡುತ್ತಿತ್ತು. ನನಗಿದ್ದ ಕೆಲಸ ಚೂರು ಆಯುವುದು. ಗಾಜಿನ ಮನೆಯಲ್ಲಿ ಬಿದ್ದದ್ದು ನೆಲದ ಮೇಲೆ ಇರಬಾರದು ಎಂಬುದು ನಾನಿಯ ಕಟ್ಟಳೆ. ಬಿದ್ದದ್ದು ಚೂರಿರಲಿ, ಸೂಜಿಯಿರಲಿ, ಬರೀ ಬಟ್ಟೆಯಿರಲಿ, ಆ ಕ್ಷಣವೇ ಎತ್ತಬೇಕು. ಬಟ್ಟೆಯ ಅಡಿಯಲ್ಲೂ ಚೂರು ಅಡಗಿರುತ್ತದೆ. ನಾನು ಆಯ್ದ ಚೂರುಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದೆ. ಅದಕ್ಕೇ ನಾನಿ ನನ್ನನ್ನು ಚೂರವ್ವ ಎಂದು ಕರೆಯುತ್ತಿದ್ದಳು. ಶಾಲೆಯಲ್ಲಿ ನನಗೆ ಬೇರೆ ಹೆಸರಿತ್ತು, ಮನೆಯಲ್ಲಿ ಅದನ್ನು ಯಾರೂ ಬಳಸಲಿಲ್ಲ.

ಮದುವೆಯ ಮನೆಗಳಿಗೆ ನಾನಿ ನನ್ನನ್ನೂ ಕರೆದೊಯ್ಯುತ್ತಿದ್ದಳು. ಯಾವ ಜಾತಿಯವರ ಮದುವೆಯಾದರೂ ಮದುಮಗಳಿಗೆ ಬಳೆ ಇಡಿಸಲು ಬೂಬಮ್ಮನೇ ಬರಬೇಕು. ನಾನಿ ಹುಡುಗಿಗಿಂತ ಕೆಳಗೆ, ನೆಲದ ಮೇಲೆ ಕೂರುತ್ತಿದ್ದಳು. ಅವಳ ಕೈಯನ್ನು ತನ್ನ ಮೊಣಕಾಲಿನ ಮೇಲಿಟ್ಟುಕೊಂಡು, ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಅದರ ಬುಡದ ಎಲುಬನ್ನು ಒತ್ತುತ್ತ, "ಕೈ ಸಡ್ಲ ಬಿಡವ್ವಾ" ಅನ್ನುತ್ತಿದ್ದಳು. ಸಡಿಲ ಬಿಡು ಎಂದರೆ ಯಾರೂ ಬಿಡುವುದಿಲ್ಲ, ಇನ್ನಷ್ಟು ಬಿಗಿ ಹಿಡಿಯುತ್ತಾರೆ. ಅದು ನಾನಿಗೆ ಗೊತ್ತಿತ್ತು. ಬಳೆ ಎಲುಬಿನ ಹತ್ತಿರ ಬಂದಾಗ ತಲೆಯೆತ್ತದೆ ಕೇಳುತ್ತಿದ್ದಳು: "ನಿನ್ನ ಗಂಡನ ಹೆಸರ ಏನs?" ಹುಡುಗಿ ನಾಚಿ ನಕ್ಕು ಮುಖ ಮುಚ್ಚಲು ಹೋಗುವಳು, ಆ ಒಂದು ಗಳಿಗೆ ಕೈ ತನ್ನನ್ನು ತಾನೇ ಮರೆಯುತ್ತಿತ್ತು, ಬಳೆ ದಾಟಿಬಿಡುತ್ತಿತ್ತು. ನಾನಿ ಮಣಿಕಟ್ಟನ್ನು ಒಮ್ಮೆ ಒತ್ತಿ, "ತಣ್ಣಗಿರವ್ವಾ" ಅನ್ನುವಳು. ನಾನಿಯ ಸ್ವಂತ ಕೈಗಳು ಮಾತ್ರ ಬರಿದು. ಅವಳ ಗಂಡ, ನನ್ನ ನಾನಾ, ಹೋದ ಮೇಲೆ ಅವಳು ಒಂದು ಬಳೆಯನ್ನೂ ಇಟ್ಟುಕೊಳ್ಳಲಿಲ್ಲ. ಒಮ್ಮೆ ಸಾಹುಕಾರರ ಮನೆಯಲ್ಲಿ, ಸೊಲ್ಲಾಪುರದ ಕಡೆಯಿಂದ ಬಂದಿದ್ದ ಬೀಗಿತ್ತಿಯೊಬ್ಬಳು ಇದನ್ನು ಗಮನಿಸಿ, "ಬೋಳುಗೈಯಾಕೀ ಕಡೆಯಿಂದ ಬಳಿ ಇಡಸ್ತೀರೇನು?" ಎಂದು ಎಲ್ಲರಿಗೂ ಕೇಳುವಂತೆ ಅಂದಳು. ನಾನಿ ಮಲಾರ ಬಿಚ್ಚುತ್ತಲೇ ಹೇಳಿದಳು: "ಬಳಿ ನಿಮ್ಮ ಸೊಸಿ ಕೈಗೆ ಹಾಕಾಕ ಬಂದೀನ್ರೆವ್ವಾ, ನನ್ನ ಕೈಗಲ್ಲ. ಬ್ಯಾಡಂದ್ರ ನೀವs ಹಾಕ್ರಿ." ಬೀಗಿತ್ತಿ ಸೆರಗು ಸಿಕ್ಕಿಸಿಕೊಂಡು ಕುಳಿತಳು, ಮೊದಲನೆಯದನ್ನೇ ಒಡೆದಳು. ನಾನಿ ನನ್ನ ಕಡೆ ನೋಡಿದಳು, ನಾನು ಚೂರು ಆಯ್ದೆ, ಅವಳು ಉಳಿದ ಬಳೆಗಳನ್ನು ಇಡಿಸಿದಳು.

ನಾನಿಯ ಮನೆಯ ಶಿಸ್ತು ನನ್ನನ್ನು ಹುಬ್ಬಳ್ಳಿಯ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿಗೆ ತಲುಪಿಸಿತು. ಅಲ್ಲಿ ಸಿಸ್ಟರ್ ಆಗಿ ನಿವೃತ್ತಿಯವರೆಗೂ ದುಡಿದೆ. ನಾನಿ ತೀರಿಕೊಂಡ ಸುದ್ದಿ ಬಂದಾಗ ನಾನಿನ್ನೂ ನರ್ಸಿಂಗ್ ಓದುತ್ತಿದ್ದೆ. ಬಸ್ಸಿಳಿದು ಮನೆಗೆ ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಪಡಸಾಲೆಯಲ್ಲಿ ಅರ್ಧ ಬಿಚ್ಚಿದ ಪೆಟ್ಟಿಗೆಯಿತ್ತು. ನಾನು ಕುಳಿತು ಹುಲ್ಲು ಕೊಡವಿ, ಬಳೆಗಳನ್ನು ಅಳತೆವಾರು ಜೋಡಿಸಿದೆ. ಎಷ್ಟೋ ವರ್ಷಗಳ ನಂತರ ಪತಿ ತೀರಿಕೊಂಡಾಗಲೂ ಹಾಗೆಯೇ. ಕೈಯ ಬಳೆಗಳನ್ನು ಒಡೆಯಲು ಯಾರಿಗೂ ಬಿಡದೆ ನಾನೇ ತೆಗೆದೆ, ಒಂದೂ ಒಡೆಯಲಿಲ್ಲ. ಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ಹಾಕಿ ಮುಚ್ಚಿದೆ. ಆಮೇಲೆ ಲೆಟರ್‌ಕೆನ್ನಿಯ ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ಮಗಳು ಶಬಾನಾ ನನ್ನನ್ನು ಇಲ್ಲಿಗೆ ಕರೆತಂದಳು. ಇಲ್ಲಿಯೂ ಹೊತ್ತಿಗೆ ಏಳುತ್ತೇನೆ, ಹೊತ್ತಿಗೆ ಅಡುಗೆ, ಹೊತ್ತಿಗೆ ನಡಿಗೆ. ಶಬಾನಾಗೆ ಅದೇ ಚಿಂತೆ. "ಅಮ್ಮೀ, ಅಬ್ಬಾ ಹೋದಾಗಿಂದ ನೀವು ಒಂದ್ಸಲಾನೂ ಅತ್ತಿಲ್ಲ. ಅತ್ತುಬಿಡಿ, ಹಗುರಾಗುತ್ತೆ" ಅನ್ನುತ್ತಾಳೆ. "ಹಾಲು ಉಕ್ತಾ ಇದೆ, ನೋಡು" ಎಂದು ನಾನು ಸ್ಟವ್ ತೋರಿಸುತ್ತೇನೆ. ಅವಳು ಹೇಳುವುದು ಸರಿ. ಅಳಬಾರದೆಂದು ನಾನು ಹಟ ಹಿಡಿದಿಲ್ಲ. ಒಳಗೆ ಕೈ ಹಾಕಿ ನೋಡಿದರೆ ಏನೂ ಸಿಗುವುದಿಲ್ಲ, ಅಷ್ಟೇ.

ಪಕ್ಕದ ಮನೆಯ ಮಿಸೆಸ್ ಚಾನ್ ಊರಿನಲ್ಲಿ ಟೇಕ್‌ಅವೇ ನಡೆಸುತ್ತಾರೆ. ನಾನು ಕಸದ ಬಿನ್ ಹೊರಗಿಡುವ ಹೊತ್ತಿಗೆ ಅವರೂ ಇಡುತ್ತಿದ್ದರು. ಸ್ನೇಹ ಅಲ್ಲಿಂದ ಶುರುವಾಯಿತು. ಇಲ್ಲಿನವರ ಇಂಗ್ಲಿಷ್ ನಮ್ಮಿಬ್ಬರ ಕಿವಿಗೂ ಅರ್ಧವೇ ಇಳಿಯುತ್ತಿದ್ದುದರಿಂದ ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾಗುತ್ತಿದ್ದೆವು. ಅವರ ವೃದ್ಧ ತಾಯಿ ಕಿಟಕಿಯ ಬಳಿ ಕೂತು ದಿನಾ ನನ್ನತ್ತ ಕೈ ಬೀಸುತ್ತಿದ್ದರು; ಮೊಮ್ಮಗಳು ಲಿಂಗ್ ಅವರನ್ನು ಪೋಪೋ ಅನ್ನುತ್ತಿದ್ದಳು, ಅವರ ಭಾಷೆಯಲ್ಲಿ ತಾಯಿಯ ತಾಯಿ. ಬೀಸುವ ಕೈಯಲ್ಲಿ ಹಸಿರು ಕಲ್ಲಿನ ಬಳೆ ಇರುತ್ತಿತ್ತು. ಚಳಿಗಾಲದಲ್ಲಿ ಪೋಪೋ ತೀರಿಕೊಂಡರು. ಮದುವೆಯ ದಿನ ಆ ಬಳೆ ಲಿಂಗ್‌ಳ ಕೈಯಲ್ಲಿರಬೇಕು ಎಂಬುದೊಂದೇ ಅವರು ಕೊನೆಯಲ್ಲಿ ಕೇಳಿದ್ದು.

ಮದುವೆಯ ಬೆಳಿಗ್ಗೆ ಅವರ ಬಾಗಿಲಿಗೆ ಕೆಂಪು ಕಾಗದದ ಅಕ್ಷರಗಳು. ಮೆಟ್ಟಿಲ ಬಳಿ ಲಿಂಗ್‌ಳ ಗೆಳತಿಯರು ಮದುಮಗನ ದಾರಿ ಕಟ್ಟಿದ್ದರು. ಇಲ್ಲಿಯದೇ ಹುಡುಗ ಡೆಕ್ಲನ್. ಅವನಿಗೂ ಗೆಳೆಯರಿಗೂ ನಿಂಬೆಹೋಳು ತಿನ್ನಿಸಿ, ಹಾಡು ಹೇಳಿಸಿ, ದುಡ್ಡಿನ ಕೆಂಪು ಲಕೋಟೆ ವಸೂಲಿ ಮಾಡಿಯೇ ಒಳಗೆ ಬಿಡುವುದು ಅವರ ಪದ್ಧತಿ. ಇಡೀ ಹುರಿದ ಹಂದಿಯೊಂದನ್ನು ಕೆಂಪು ರಿಬ್ಬನ್ ಕಟ್ಟಿ ಒಳಗೆ ತರುವಾಗ ಮಿಸೆಸ್ ಚಾನ್ ನನ್ನ ಎರಡೂ ಭುಜ ಹಿಡಿದು ಕಿಟಕಿಯ ಕಡೆ ತಿರುಗಿಸಿ ನಿಲ್ಲಿಸಿದರು. "ನೀವು ಮಳೆ ನೋಡಿ" ಅಂದರು. ನೋಡಿದೆ. ಆಮೇಲೆ ಮೇಲಿನ ಕೋಣೆಗೆ ಕರೆದೊಯ್ದರು. ಅಲ್ಲಿ, ಚಿನ್ನದ ದಾರದ ಕಸೂತಿಯ ಕೆಂಪು ಉಡುಪಿನಲ್ಲಿ ಲಿಂಗ್ ಕುಳಿತಿದ್ದಳು. ಅವಳ ಮುಂದೆ ಬೆಲ್‌ಫಾಸ್ಟಿನಿಂದ ಬಂದ ದೊಡ್ಡಮ್ಮ. ಅವರಲ್ಲಿಯೂ ಮದುಮಗಳಿಗೆ ಒಡವೆ ತೊಡಿಸುವವಳು ನಮ್ಮ ಮುತ್ತೈದೆಯ ಹಾಗೆ ಗಂಡ, ಮಕ್ಕಳು ಎಲ್ಲ ಇರುವವಳೇ ಆಗಬೇಕಂತೆ. ವಿಧವೆಯಾದ ಮಿಸೆಸ್ ಚಾನ್ ಅದಕ್ಕಾಗಿ ದೂರ ನಿಂತಿದ್ದರು. ಆದರೆ ಬಳೆ ಏರುತ್ತಿರಲಿಲ್ಲ. ಶಾಲೆಯ ದಿನಗಳಿಂದ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಆಗಿದ್ದ ಲಿಂಗ್‌ಳ ಗಟ್ಟಿ ಕೈ, ಪಾತ್ರೆ ತೊಳೆಯುವ ಲಿಂಬೆ ಸೋಪು ಬಳಿದು ಬಳಿದು ಕೆಂಪಾಗಿತ್ತು. ಒತ್ತಿ ತಳ್ಳಲು ಯಾರಿಗೂ ಧೈರ್ಯವಿಲ್ಲ. ಮದುವೆಯ ದಿನ ಅದು ಒಡೆದರೆ ಪೋಪೋ ಇನ್ನೊಮ್ಮೆ ಸತ್ತಂತೆ. ದೊಡ್ಡಮ್ಮ ಸೋತು ಬಳೆಯನ್ನು ಮೇಜಿನ ಮೇಲಿಟ್ಟಳು. ನಾನು ಮೊದಲು ಹೇಳಿದ ಸದ್ದು ಅದೇ.

"ಪರವಾಗಿಲ್ಲ ಅಮ್ಮಾ, ಡಬ್ಬಿಯಲ್ಲೇ ಇರಲಿ. ಗ್ರ್ಯಾಂಡ್, ಗ್ರ್ಯಾಂಡ್" ಅಂದಳು ಲಿಂಗ್. ಏನೇ ಆಗಿರಲಿ, ಎಲ್ಲ ಸರಿಯಿದೆ ಅನ್ನಲು ಇಲ್ಲಿನವರು ಆಡುವ ಮಾತು ಅದು. ಕೆಂಪಾದ ಕೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಳು.

"ನಾನು ಹಾಕಲೇ?" ಎಂದು ಕೇಳಿದ್ದು ನಾನೇ. ಎಲ್ಲರೂ ತಿರುಗಿ ನೋಡಿದರು. ಹೇಳಬೇಕಾದ್ದನ್ನೂ ಹೇಳಿದೆ: "ನಮ್ಮ ಮನೆಯಲ್ಲಿ ಇದೇ ಕಸುಬಿತ್ತು. ಆದರೆ ನನಗೂ ಗಂಡನಿಲ್ಲ." ದೊಡ್ಡಮ್ಮನಿಗೆ ಅಷ್ಟು ಇಂಗ್ಲಿಷ್ ಅರ್ಥವಾಯಿತು. ತಲೆಯಲ್ಲಾಡಿಸಿದಳು.

"ಪೋಪೋಗೂ ಗಂಡ ಇರಲಿಲ್ಲ," ಅಂದಳು ಲಿಂಗ್. "ನಾನು ಹುಟ್ಟೋ ಮೊದಲಿಂದ ಇರಲಿಲ್ಲ. ಬಳೆ ಅವಳ ಕೈಯಲ್ಲೇ ಇತ್ತಲ್ವಾ? ಆಂಟಿ, ನೀವು ಹಾಕಿ." ಮಿಸೆಸ್ ಚಾನ್ ತಮ್ಮ ಭಾಷೆಯಲ್ಲಿ ಚಿಕ್ಕದಾಗಿ ಏನೋ ಹೇಳಿದರು. ದೊಡ್ಡಮ್ಮ ಎದ್ದು ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡಳು. ಏನು ಹೇಳಿದಿರೆಂದು ನಾನು ಇವತ್ತಿಗೂ ಕೇಳಿಲ್ಲ.

ಬಳೆಯನ್ನು ತಟ್ಟಿ ನೋಡಿದೆ. ಬಿರುಕಿರಲಿಲ್ಲ. ಬಿಸಿನೀರು ತರಿಸಿ ಸೋಪು ತೊಳೆದೆ, ಕೈ ಬೆಚ್ಚಗಾಗುವ ತನಕ ನೀರಿನಲ್ಲೇ ಇರಿಸಿದೆ, ತೆಳ್ಳಗೆ ಎಣ್ಣೆ ಸವರಿದೆ. ಮಂಡಿ ನೋವಿದ್ದರೂ ನೆಲದ ಮೇಲೆ ಕುಳಿತೆ. ಮೇಲೆ ಕುಳಿತು ಬಳೆ ಇಡಿಸಿದ್ದನ್ನು ನಾನು ನೋಡಿಲ್ಲ. ಹೆಬ್ಬೆರಳು ಮಡಿಸಿದೆ. "ಕೈ ಸಡ್ಲ ಬಿಡವ್ವಾ" ಎಂದು ಬಾಯಿಂದ ಕನ್ನಡವೇ ಬಂತು. ಎಲುಬಿನ ಹತ್ತಿರ ಬಂದಾಗ ತಲೆಯೆತ್ತದೆ ಇಂಗ್ಲಿಷಿನಲ್ಲಿ ಕೇಳಿದೆ: "ನಿನ್ನ ಗಂಡನ ಹೆಸರೇನು?"

"ಡೆಕ್ಲನ್!" ಅಂದಳು ಜೋರಾಗಿ. "ಕೆಳಗೆ ಅರಚ್ತಾ ಇದಾನಲ್ಲ ಆಂಟಿ, ನಿಮಗೆ ಗೊತ್ತಲ್ಲ. ಯಾಕೆ, ಬೇರೆ ಯಾರನ್ನಾದರೂ ನೋಡಿದ್ದೀರಾ?" ಬಾಗಿಲಲ್ಲಿದ್ದ ಗೆಳತಿಯರು ಹೋ ಎಂದು ನಕ್ಕರು. ಕೈ ಇನ್ನಷ್ಟು ಗಟ್ಟಿಯಾಯಿತು. ಕಾಲೇಜಿನಿಂದ ಜೊತೆಗಿದ್ದವನ ಹೆಸರು ಹೇಳಲು ಯಾರು ನಾಚುತ್ತಾರೆ? ನಾನಿಯ ಉಪಾಯ ಇಲ್ಲಿ ನಡೆಯಲಿಲ್ಲ. ನಾನು ಬಳೆಯನ್ನು ಅಲ್ಲೇ ಹಿಡಿದುಕೊಂಡೆ. ಆಮೇಲೆ ಕೇಳಿದೆ: "ಪೋಪೋ ನಿನ್ನನ್ನು ಏನಂತ ಕರೀತಿದ್ದರು?"

"ಜ್ಯೂ ಜ್ಯೂ," ಅಂದಳು. "ಅಂದ್ರೆ ಹಂದಿಮರಿ. ನಾನು ಗುಂಡಗಿದ್ದೆ." ನಗಲು ಹೋದಳು. "ಈಗ ಹಾಗೆ ಕರೆಯೋರು ಯಾರೂ ಇಲ್ಲ." ಅಷ್ಟು ಹೇಳುವಾಗ ಅವಳ ಕೈ ನನ್ನ ಮೊಣಕಾಲಿನ ಮೇಲೆ ನಿದ್ದೆ ಹೋದ ಮಗುವಿನ ಕೈಯಂತಾಯಿತು. ಬಳೆ ಎಲುಬು ದಾಟಿತು. ಮಣಿಕಟ್ಟನ್ನು ಒತ್ತಿ "ತಣ್ಣಗಿರವ್ವಾ" ಅಂದೆ. ಲಿಂಗ್ ಅಳುತ್ತಿದ್ದಳು, ಮಿಸೆಸ್ ಚಾನ್ ಅಳುತ್ತಿದ್ದರು, ದೊಡ್ಡಮ್ಮ ಟಿಶ್ಯೂ ಹುಡುಕುತ್ತಿದ್ದಳು. ನಾನು ನೆಲಕ್ಕೆ ಚೆಲ್ಲಿದ್ದ ನೀರನ್ನು ಒರೆಸಿದೆ.

ಕೆಳಗೆ ಚಹಾ ಕೊಡುವ ಶಾಸ್ತ್ರ ನಡೆಯಿತು. ಹಿರಿಯರು ಒಬ್ಬೊಬ್ಬರಾಗಿ ಕುಳಿತುಕೊಳ್ಳುತ್ತಾರೆ, ಗಂಡುಹೆಣ್ಣು ಮಂಡಿಯೂರಿ ಎರಡೂ ಕೈಯಿಂದ ಬಟ್ಟಲು ಕೊಡುತ್ತಾರೆ. ಪೋಪೋ ಅವರ ಕುರ್ಚಿಯಲ್ಲಿ ಅವರ ಫೋಟೋ ಇತ್ತು, ಅದರ ಮುಂದೂ ಒಂದು ಬಟ್ಟಲು. ಎಲ್ಲ ಮುಗಿದ ಮೇಲೆ ಮಿಸೆಸ್ ಚಾನ್ ನನ್ನನ್ನೂ ಕರೆದು ಕೂರಿಸಿದರು. ಲಿಂಗ್ ಬಟ್ಟಲು ನೀಡುವಾಗ ಬಳೆ ಅದಕ್ಕೆ ತಾಗಿ ಕಿಣ್ ಎಂದಿತು. ಒಣಖರ್ಜೂರದಂಥ ಕೆಂಪು ಹಣ್ಣು ಹಾಕಿದ ಸಿಹಿ ಚಹಾ. ಕುಡಿದೆ, ಹರಸಿದೆ. ತಟ್ಟೆಯಲ್ಲಿ ಬಟ್ಟಲುಗಳು ಸಾಲು ತಪ್ಪಿದ್ದವು, ಸರಿ ಮಾಡಿಟ್ಟೆ. ಅಷ್ಟೆಲ್ಲ ಆದರೂ ನನ್ನೊಳಗೆ ಏನೂ ಅಲುಗಲಿಲ್ಲ.

ಮನೆಗೆ ಬಂದಾಗ ಶಬಾನಾ ಡ್ಯೂಟಿ ಮುಗಿಸಿ ಬಂದು ಅನ್ನಕ್ಕಿಟ್ಟಿದ್ದಳು. ನಾನು ಸಿಂಕಿನ ಬಳಿ ನಿಂತು ಪಾತ್ರೆ ಒರೆಸತೊಡಗಿದೆ.

"ಮದುವೆ ಹೇಗಿತ್ತು ಅಮ್ಮೀ?"

"ಗ್ರ್ಯಾಂಡ್" ಅಂದೆ. ಅವಳು ನಕ್ಕಳು. ನಾನು ಬಳೆಯ ಕಥೆಯನ್ನು ಹೇಳಿದೆ, ನಡೆದ ಕ್ರಮದಲ್ಲೇ, ಹಂದಿಮರಿಯವರೆಗೆ. ಅವಳು ಗ್ಯಾಸ್ ಸಣ್ಣ ಮಾಡಿ ನನ್ನ ಕಡೆ ತಿರುಗಿದಳು.

"ನಿಮ್ಮ ನಾನಿ ನಿಮ್ಮನ್ನ ಏನಂತ ಕರೀತಿದ್ರು? ನೀವು ಯಾವತ್ತೂ ಹೇಳೇ ಇಲ್ಲ."

ಯಾರೂ ಕೇಳಿರಲಿಲ್ಲ, ಹೇಳಿರಲಿಲ್ಲ. ಆ ಹೆಸರು ತಿಳಿದಿದ್ದವರೆಲ್ಲ, ಅದನ್ನು ಕೂಗುತ್ತಿದ್ದ ಪಡಸಾಲೆಯೂ ಸೇರಿ, ಹೋಗಿ ಎಷ್ಟೋ ಕಾಲವಾಗಿತ್ತು. "ಚೂರವ್ವ" ಅಂದೆ.

"ಚೂರವ್ವ!" ಅವಳಿಗೆ ಖುಷಿಯಾಯಿತು. ತಟ್ಟೆ ಇಡುತ್ತ, ತಮಾಷೆಗೆ ನಮ್ಮ ಬಾಗಲಕೋಟೆಯ ಹಳಬರ ಹಾಗೆ ದನಿ ಎಳೆದು ಕೂಗಿದಳು: "ಏ ಚೂರವ್ವಾ, ಉಣ್ಣಾಕ ಬಾ."

ನನ್ನ ಕೈಯಲ್ಲಿದ್ದ ಒರೆಸುವ ಬಟ್ಟೆ ಜಾರಿ ಬಿತ್ತು. ಕೈ ತಾನಾಗಿ ಬಿಟ್ಟಿತ್ತು. ಶಬಾನಾ ನನ್ನ ಮುಖ ನೋಡಿ ನಗು ನಿಲ್ಲಿಸಿದಳು, ಹತ್ತಿರ ಬಂದು ತೋಳು ಹಿಡಿದಳು. ಹೊರಗೆ ಪಕ್ಕದ ಮನೆಯ ಕಾರುಗಳು ಹಾರ್ನ್ ಹೊಡೆಯುತ್ತ ಹೋಟೆಲಿನ ಊಟಕ್ಕೆ ಹೊರಡುತ್ತಿದ್ದವು. ಬಟ್ಟೆ ನನ್ನ ಕಾಲ ಬಳಿಯೇ ಬಿದ್ದಿತ್ತು. ಅದನ್ನು ಎತ್ತಬೇಕು ಎಂಬುದು ನನಗೆ ಗೊತ್ತಿತ್ತು. ಎತ್ತಲಿಲ್ಲ.