ಅಕ್ಕಿ ಎಲ್ಲಿ ಮುರಿಯುತ್ತಿತ್ತು

ಮೊಮ್ಮಗಳಿಗೆ ಸಂಡೂರಿನ ಕಡೆ ಗಣಿಯಲ್ಲಿ ಕೆಲಸ ಸಿಕ್ಕಿದೆ. ತಪ್ಪು ಎಲ್ಲಾಗುತ್ತಿದೆ ಎಂದು ಹುಡುಕುವ ಕೆಲಸವಂತೆ. ಅದಕ್ಕೆ ಸಂಬಳವನ್ನೂ ಕೊಡುತ್ತಾರೆ. ಈ ಸುದ್ದಿಯನ್ನು ನಾನು ಓಣಿಯಲ್ಲಿ ಎಲ್ಲರಿಗೂ ಹೇಳಿ ಮುಗಿಸಿ, ನಿನ್ನೆಯಿಂದ ಎರಡನೇ ಸುತ್ತು ಶುರು ಮಾಡಿದ್ದೇನೆ. ಯಾವ ತೊಂದರೆಗೆ ಯಾವ ಸಾಧನ ಹಿಡಿಯಬೇಕು ಎಂದು ಅವಳಿಗೆ ತಿಂಗಳುಗಟ್ಟಲೆ ಕಲಿಸುತ್ತಾರಂತೆ. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನೀನು ಕಲಿತದ್ದು ಹೇಗೆಂದು ಬರೆದಿಡು ಎಂದಳು ಅವಳು. ಬರೆಯುತ್ತಿದ್ದೇನೆ.

ಆಗ ನಮ್ಮ ಕಂಪ್ಲಿ ಮದ್ರಾಸಿಗೆ ಸೇರಿತ್ತು. ಮದುವೆಯಾಗಿ ಎರಡು ವರ್ಷ ತುಂಬಿರಲಿಲ್ಲ. ನನ್ನ ಗಂಡ ಅಕ್ಕಿ ಗಿರಣಿಯಲ್ಲಿ ಫಿಟ್ಟರ್, ನಾನು ಅದೇ ಗಿರಣಿಯ ಅಂಗಳದಲ್ಲಿ ಭತ್ತ ಒಣಗಿಸುವವಳು. ನಾವಿದ್ದ ಕೋಣೆಯೂ ಗಿರಣಿಯದೇ. ಆ ಸುಗ್ಗಿಯಲ್ಲಿ ಅಕ್ಕಿ ಮುರಿಯತೊಡಗಿತು. ಚೀಲ ಬಿಚ್ಚಿದರೆ ಅರ್ಧ ನುಚ್ಚು. ಹೊಸಪೇಟೆಯ ವ್ಯಾಪಾರಿ ಗಾಡಿಯನ್ನು ಹಾಗೆಯೇ ವಾಪಸು ಕಳಿಸಿದ.

ಎಲ್ಲರೂ ತಮ್ಮ ಕೈಯಲ್ಲಿದ್ದ ಸಾಧನವನ್ನೇ ಹಿಡಿದರು. ನನ್ನ ಗಂಡನ ಬಳಿ ಪಾನಾ ಇತ್ತು. ಭತ್ತ ಸುಲಿಯುವ ಹಲ್ಲರ್ ಯಂತ್ರದ ಬೋಲ್ಟುಗಳನ್ನು ಬಿಗಿ ಮಾಡಿದರು, ಮರುದಿನ ಸಡಿಲಿಸಿದರು. ಗಿರಣಿಯ ಸಾಹುಕಾರರ ಬಳಿ ವಿಭೂತಿ ಇತ್ತು. ಯಂತ್ರಕ್ಕೆ ಮೂರು ಗೆರೆ ಎಳೆದು ಕಾಯಿ ಒಡೆಸಿದರು. ಕಾಯಿ ನೀಟಾಗಿ ಎರಡು ಹೋಳಾಯಿತು. ಅಕ್ಕಿಯೂ ಹಾಗೆಯೇ ಆಗುತ್ತಿತ್ತು. ನನ್ನ ಬಳಿ ಮೊರ ಇತ್ತು. ಕೇರಿ ಕೇರಿ ನುಚ್ಚು ಬೇರೆ ಮಾಡಿದೆ. ಮೊರದಲ್ಲಿ ನುಚ್ಚು ಬೇರೆಯಾಗುತ್ತದೆ, ಕಡಿಮೆಯಾಗುವುದಿಲ್ಲ. ಅದು ತಿಳಿಯಲು ನನಗೆ ನಾಲ್ಕು ದಿನ ಬೇಕಾಯಿತು.

ಗುರುವಾರ ಸಾಹುಕಾರರು ನನ್ನ ಗಂಡನನ್ನು ಕರೆದರು.

"ಸೋಮವಾರದತನಕ ನೋಡ್ತೀನಪ. ಆಮ್ಯಾಲೆ ಬಳ್ಳಾರಿಯಿಂದ ಬ್ಯಾರೆ ಫಿಟ್ಟರ್ ಬರ್ತಾನ. ಬ್ಯಾಸರ ಮಾಡ್ಕೋಬ್ಯಾಡ."

"ಇಲ್ರಿ," ಎಂದರು ಇವರು.

ಶುಕ್ರವಾರ ಬೆಳಿಗ್ಗೆ ನಾನು ಕರಿ ಕಂಬಳಿ ಹಾಸಿದೆ. ಬಿಳಿ ಕಾಳಿನ ಬಿರುಕು ಅದರ ಮೇಲೆ ಚೆನ್ನಾಗಿ ಕಾಣುತ್ತದೆ. ಚೀಲಕ್ಕೆ ಬೀಳುವ ಅಕ್ಕಿ ಒಂದು ಹಿಡಿ, ಹಲ್ಲರಿನಿಂದ ಆಗಷ್ಟೇ ಬಂದದ್ದು ಒಂದು ಹಿಡಿ, ಹಲ್ಲರಿಗೆ ಹೋಗಲಿದ್ದ ಒಣ ಭತ್ತ ಒಂದು ಹಿಡಿ, ಬೇರೆ ಬೇರೆ ಗುಡ್ಡೆ ಇಟ್ಟೆ. ಮೊದಲ ಎರಡರಲ್ಲೂ ಅಷ್ಟೇ ನುಚ್ಚು. ಭತ್ತವನ್ನು ಉಗುರಿನಿಂದ ಸುಲಿದೆ. ಕಾಳು ಕೈಯಲ್ಲೇ ಎರಡಾಯಿತು. ಇನ್ನೊಂದು ಸುಲಿದೆ, ಅದೂ ಎರಡಾಯಿತು. ಯಂತ್ರ ಅದನ್ನಿನ್ನೂ ಮುಟ್ಟಿರಲೇ ಇಲ್ಲ. ಆಮೇಲೆ ಗಾಡಿಯಿಂದ ಇಳಿಯುತ್ತಿದ್ದ ಹಸಿ ಭತ್ತ ಸುಲಿದೆ. ಇಡಿಯಾಗಿ ಬಂತು. ಅಂದರೆ ಅಕ್ಕಿ ಮುರಿಯುತ್ತಿದ್ದುದು ನಾವು ಒಣಗಿಸುವ ಅಂಗಳದಲ್ಲಿ. ಗಂಡನ ಕೆಲಸ ಉಳಿಸಲು ಹೊರಟು ನನ್ನ ಕೆಲಸಕ್ಕೇ ಬಂದು ನಿಂತಿದ್ದೆ.

ನನ್ನ ಜೊತೆ ಭತ್ತ ಕೆದರುತ್ತಿದ್ದ ಮುದುಕಿ ಎಲ್ಲ ನೋಡುತ್ತಿದ್ದಳು. "ಸುಮ್ನಿರಬೇ," ಎಂದಳು. "ನಿನ್ನ ಗಂಡ ಹೋದ್ರ ಒಂದು ಕೂಲಿ ಹೋತು. ನೀ ಬಾಯಿ ಬಿಟ್ರ ನಮ್ಮೆಲ್ಲಾರ್ದೂ ಹೋಗ್ತದ."

"ಹೋದ ವರ್ಷಾನೂ ನಾವ ಒಣಗಿಸಿದ್ವಿ. ಆಗ ಯಾಕ ಮುರೀಲಿಲ್ಲ?"

"ಹೋದ ವರ್ಷ ಕಾಲು ಸುಡ್ತಿದ್ದಿಲ್ಲ."

ಇಬ್ಬರೂ ಕೆಳಗೆ ನೋಡಿದೆವು. ಹೋದ ವರ್ಷ ಭತ್ತ ಒಣಗಿದ್ದು ಹಿತ್ತಲಲ್ಲಿ, ಸೆಗಣಿ ಸಾರಿಸಿದ ಮಣ್ಣಿನ ಕಣದಲ್ಲಿ. ಈ ವರ್ಷ ಸಾಹುಕಾರರು ಹಂಪಿಯ ಕಡೆಯಿಂದ ಕಲ್ಲಿನ ಚಪ್ಪಡಿ ತರಿಸಿ ಮುಂದಿನ ಅಂಗಳಕ್ಕೆ ಹಾಸಿಸಿದ್ದರು. ಬಂದವರಿಗೆಲ್ಲ ತೋರಿಸುತ್ತಿದ್ದರು. ಮಧ್ಯಾಹ್ನ ಅದು ರೊಟ್ಟಿ ಹಂಚಿನಂತೆ ಕಾಯುತ್ತಿತ್ತು. ನಾವು ಕಾಲಿಗೆ ಗೋಣಿ ಕಟ್ಟಿಕೊಂಡು ಓಡಾಡುತ್ತಿದ್ದೆವು. ಭತ್ತಕ್ಕೆ ಗೋಣಿ ಇರಲಿಲ್ಲ.

ಸಾಹುಕಾರರನ್ನು ಕಂಬಳಿಯ ಹತ್ತಿರ ಕರೆತಂದೆ. "ಕಲ್ಲು ಭಾಳ ಚಲೋ ಅದಾವ್ರಿ," ಎಂದು ಶುರು ಮಾಡಿದೆ. "ಭತ್ತ ಆ ಬಿಸಿ ತಡೀವಲ್ದು."

ಅವರು ತಾವೇ ಕೂತು ಕಾಳು ಸುಲಿದರು. ಕಾಳು ಮುರಿದಾಗಲೆಲ್ಲ ಉಗುರು ಬದಲಿಸಿ ಇನ್ನೊಂದು ಕಾಳು ಸುಲಿದರು.

"ಹಂಗಾರ ಕಲ್ಲು ಕೀಳ್ಬೇಕೇನು?"

"ಬ್ಯಾಡ್ರಿ. ಹಿತ್ತಲ ಕಣದಾಗ ಒಣಗಿಸ್ತೀವಿ. ಇಲ್ಲಿ ಬಂದೋರು ಕುಂದರ್ತಾರ."

"ಇದರ ಮ್ಯಾಲೆ ಯಾರು ಕುಂದರ್ತಾರ," ಎಂದ ಮುದುಕಿ, ತಾನು ಮಾತಾಡಿಯೇ ಇಲ್ಲವೆಂಬಂತೆ ಆ ಕಡೆ ತಿರುಗಿದಳು.

ಸಾಹುಕಾರರು ಎದ್ದರು. "ಸೋಮವಾರದತನಕ ಮಾಡ್ರಿ. ಆಗ್ಲಿಲ್ಲಂದ್ರ ಗಂಡ ಹೆಂಡ್ತಿ ಇಬ್ರೂ ನಡೀರಿ."

ಸೋಮವಾರ ಮಣ್ಣಿನ ಕಣದ ಭತ್ತ ಹಲ್ಲರಿಗೆ ಹೋಯಿತು. ಸಾಹುಕಾರರು ಅಕ್ಕಿಯನ್ನು ಹಿಡಿ ತುಂಬ ತಂದು ಕಂಬಳಿಯ ಮೇಲೆ ಹರಡಿ, ಬೆರಳಿನಿಂದ ಸರಿಸುತ್ತ ಬಹಳ ಹೊತ್ತು ಕೂತರು. ಈಗ ನುಚ್ಚು ಹುಡುಕಿದರಷ್ಟೇ ಸಿಗುವಂತಿತ್ತು. ನನ್ನ ಗಂಡ, ಒರೆಸಿದ್ದ ಪಾನಾವನ್ನೇ ಮತ್ತೆ ಒರೆಸುತ್ತ ನಿಂತಿದ್ದರು. ಕೊನೆಗೆ ಸಾಹುಕಾರರು ಪಂಚೆ ಕೊಡವಿಕೊಂಡರು. ಚಪ್ಪಡಿಯ ಮಾತು ಎತ್ತಲಿಲ್ಲ, ಬಳ್ಳಾರಿಯ ಫಿಟ್ಟರನ ಮಾತನ್ನೂ ಎತ್ತಲಿಲ್ಲ.

"ಹಲ್ಲರಿನ ಬೆಲ್ಟು ಭಾಳ ಸಪ್ಪಳ ಮಾಡ್ತದ. ನಾಳೆ ಬಿಚ್ಚಿ ನೋಡಪ," ಎಂದು ಇವರಿಗೆ ಹೇಳಿ ಒಳಗೆ ಹೋದರು.

ನನ್ನ ಗಂಡ ನಾಳೆಯವರೆಗೆ ಕಾಯಲಿಲ್ಲ. ಅವತ್ತೇ ಬಿಚ್ಚಿದರು.